ತೀನ್ ಕಂದೀಲ್ ಗಲ್ಲಿಯ ಬೈಂಡಿಂಗ್ ಅಂಗಡಿ: ನ್ಯೂನಿಜ್ ಬರೆದ ರಾಯಚೂರು ಕನ್ನಡದ ಪುಸ್ತಕವಾಯಿತು

ಹಳೇ ದಾಖಲೆಗಳ ಅನುವಾದವನ್ನೋ, ಊರಿನ ಚರಿತ್ರೆಯನ್ನೋ ಪುಸ್ತಕ ಮಾಡಿಸಬೇಕು ಅಂತಿರುವ ರಾಯಚೂರು ಸೀಮೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೀನ್ ಕಂದೀಲಿನಿಂದ ಕೋಟೆ ಕಡೆ ತಿರುಗುವ ಒಳಗಲ್ಲಿಯೊಂದರಲ್ಲಿ ಡಿಟಿಪಿ, ಜೆರಾಕ್ಸ್ ಮತ್ತು ಬೈಂಡಿಂಗ್ ಮೂರನ್ನೂ ಒಂದೇ ಸೂರಿನಡಿ ಮಾಡುವ ಸಣ್ಣ ಅಂಗಡಿಯಿದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸು ಮಾಡಿಕೊಡುವವರು ಊರ ತುಂಬ ಇದ್ದಾರೆ. ಅಡಿಟಿಪ್ಪಣಿಯಿರುವ, ಎರಡು ಭಾಷೆಯ, ಅಂಕಿಯೊಂದು ತಪ್ಪಿದರೆ ಅರ್ಥವೇ ಕೆಡುವ ಪುಸ್ತಕವನ್ನು ಕೈಗೆತ್ತಿಕೊಂಡು ಕೊನೆಮುಟ್ಟಿಸುವವರು ಕಡಿಮೆ. ಈ ಅಂಗಡಿಯವರು ಮಾಡಿದರು, ಚೆನ್ನಾಗಿ ಮಾಡಿದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಾವು ಕೆಲವು ಶಿಕ್ಷಕರು ಸೇರಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ ಬರೆದ ರಾಯಚೂರು ಯುದ್ಧದ ಭಾಗವನ್ನು, ಅಂದರೆ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹನಿಂದ ರಾಯಚೂರನ್ನು ಗೆದ್ದ ಕಥೆಯನ್ನು, ಕನ್ನಡಕ್ಕೆ ತಂದಿದ್ದೆವು. ಕಾರಣ ಸರಳ. ನಮ್ಮ ಮಕ್ಕಳಿಗೆ ಪಾಯಸ್, ನ್ಯೂನಿಜ್ ಅಂದರೆ ಒಂದು ಅಂಕದ ಉತ್ತರ. "ವಿಜಯನಗರಕ್ಕೆ ಭೇಟಿ ನೀಡಿದ ಪೋರ್ಚುಗೀಸ್ ಪ್ರವಾಸಿಗರು ಯಾರು?" ಎಂದು ಕೇಳಿದರೆ ಕೂಡಲೇ ಹೆಸರು ಹೇಳುತ್ತಾರೆ. ಆ ನ್ಯೂನಿಜ್ ತಮ್ಮದೇ ಊರಿನ ಗುಡ್ಡ, ಗೋಡೆ, ಕೆರೆ, ಬಾವಿಗಳನ್ನು ಪುಟಗಟ್ಟಲೆ ಬರೆದಿಟ್ಟಿದ್ದಾನೆ ಎನ್ನುವುದು ಮಾತ್ರ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಶಾಲೆಯ ಲೈಬ್ರರಿಯಲ್ಲಿ ಅದು ಕನ್ನಡದಲ್ಲಿ ಇದ್ದರೆ ತಾನೆ!

ಈ ಬರಹ ನಮ್ಮ ತನಕ ಬಂದ ದಾರಿಯನ್ನು ಸ್ವಲ್ಪ ಹೇಳಲೇಬೇಕು. ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದಲ್ಲೇ, 1520ರ ಆಸುಪಾಸಿನಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡವನು. ನ್ಯೂನಿಜ್ ಬಂದದ್ದು ಅಚ್ಯುತರಾಯನ ಆಳ್ವಿಕೆಯಲ್ಲಿ, ಬರೆದದ್ದು 1535ರಿಂದ 1537ರ ಸುಮಾರಿಗೆ. ಇಬ್ಬರ ಬರಹವೂ ಗೋವಾದಿಂದ ಪೋರ್ಚುಗಲ್ಲಿಗೆ ಹೋದವು, ಕೊನೆಗೆ ಅವುಗಳ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿತು. 1897ರಲ್ಲಿ ಡೇವಿಡ್ ಲೋಪೆಸ್ ಅದರ ಪೋರ್ಚುಗೀಸ್ ಪಠ್ಯವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮೂರು ವರ್ಷದ ನಂತರ, 1900ರಲ್ಲಿ, ಮದ್ರಾಸ್ ಸಿವಿಲ್ ಸರ್ವಿಸ್‌ನಲ್ಲಿದ್ದು ನಿವೃತ್ತರಾಗಿದ್ದ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು ತಮ್ಮ ವಿಜಯನಗರ ಚರಿತ್ರೆಯ ಜೊತೆ ಪ್ರಕಟಿಸಿದರು. ಅಂದರೆ ಸುಮಾರು 360 ವರ್ಷ ನಮ್ಮ ಊರಿನ ಮುತ್ತಿಗೆಯ ಕಥೆ ನಮಗೆ ಓದಲು ಬಾರದ ಲಿಪಿಯಲ್ಲಿ, ನಾವು ಹೋಗಲಾಗದ ಊರಿನಲ್ಲಿ ಇತ್ತು. ಸೀವೆಲ್ಲರ ಇಂಗ್ಲಿಷ್ ಈಗ ಗುಟೆನ್‌ಬರ್ಗ್ ತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅವರು ತೀರಿಕೊಂಡದ್ದು 1925ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯದ ತಂಟೆಯೂ ಇಲ್ಲ. ಹಂಪಿಯ ಬಗ್ಗೆ ಇವತ್ತು ಯಾರೇ ಮಾತಾಡಿದರೂ, ಮಹಾನವಮಿ ದಿಬ್ಬದ ಉತ್ಸವವಿರಲಿ, ರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು ಕಸರತ್ತು ಮಾಡುತ್ತಿದ್ದದ್ದಿರಲಿ, ಅದು ಈ ಅನುವಾದದ ಉಪಕಾರ. ಹಂಪಿಗೆ ಆದ ಈ ಉಪಕಾರ ರಾಯಚೂರಿಗೆ ಇನ್ನೂ ಆಗಿಲ್ಲ ಎನ್ನುವುದೇ ನಮ್ಮ ಸಂಕಟವಾಗಿತ್ತು.

ನ್ಯೂನಿಜ್ ನಮ್ಮ ಊರನ್ನು ಹೇಗೆ ಹೇಳುತ್ತಾನೆ ಕೇಳಿ. ಎರಡು ದೊಡ್ಡ ನದಿಗಳ ನಡುವೆ, ಸಣ್ಣಪುಟ್ಟ ಗಿಡ ಬಿಟ್ಟರೆ ಮರಗಳಿಲ್ಲದ, ದೊಡ್ಡ ಬಂಡೆಗಳಿರುವ ಬಯಲಿನಲ್ಲಿ ಈ ಪಟ್ಟಣವಿದೆ. ಒಂದೊಂದು ನದಿಗೂ ಇಲ್ಲಿಂದ ಮೂರು ಲೀಗ್ ದೂರ. ಬಡಗಣ ನದಿಯಾಚೆ ಆದಿಲ್ ಖಾನನ (ಬಿಜಾಪುರದ ಆದಿಲ್ ಶಾಹನ) ಸೀಮೆ, ತೆಂಕಣ ನದಿಯಾಚೆ ವಿಜಯನಗರದ್ದು. ಕೃಷ್ಣೆ, ತುಂಗಭದ್ರೆಯ ಹೆಸರು ಹೇಳದೆಯೂ ಇಡೀ ದೋಆಬನ್ನು, ಅಂದರೆ ಎರಡು ನದಿಗಳ ನಡುವಿನ ಸೀಮೆಯನ್ನು, ಕಣ್ಣ ಮುಂದೆ ಹರಡಿಬಿಡುತ್ತಾನೆ. ಪಟ್ಟಣಕ್ಕೆ ಮೂರು ಸುತ್ತಿನ ಬಲವಾದ ಗೋಡೆ, ದೊಡ್ಡ ಕಲ್ಲುಗಳನ್ನು ಸುಣ್ಣವಿಲ್ಲದೆ ಜೋಡಿಸಿ ಒಳಗೆ ಮಣ್ಣು ತುಂಬಿದ್ದು. ಗುಡ್ಡದ ನೆತ್ತಿಯಲ್ಲಿ ಎತ್ತರದ ಬುರುಜಿನಂಥ ಕೋಟೆ, ಅಲ್ಲೊಂದು ಒರತೆ, ವರ್ಷವಿಡೀ ಬತ್ತುವುದಿಲ್ಲ. ಅಷ್ಟು ಎತ್ತರದಲ್ಲಿ ನೀರು ನಿಲ್ಲುವುದನ್ನು ಜನ ಪವಿತ್ರವೆಂದು ನಂಬಿದ್ದರು ಎಂದೂ ಬರೆಯುತ್ತಾನೆ. ರಾಯಚೂರಿನ ಮೇ ತಿಂಗಳ ಬಿಸಿಲು ಕಂಡವರಿಗೆ ಆ ನಂಬಿಕೆ ಯಾಕೆ ಹುಟ್ಟಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಐದು ವರ್ಷಕ್ಕಾಗುವಷ್ಟು ದವಸ, 8,000 ಕಾವಲು ಪಡೆ, 400 ಕುದುರೆ, 20 ಆನೆ, ಕಲ್ಲು ಬೀರುವ 30 ಯಂತ್ರ, 200 ದೊಡ್ಡ ಫಿರಂಗಿ. ಬುರುಜುಗಳು ಎಷ್ಟು ಒತ್ತೊತ್ತಾಗಿದ್ದವು ಅಂದರೆ ಒಂದರಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳಿಸುತ್ತಿತ್ತು.

ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗೋಡೆ ಕೆಡವಿದ ಬಗೆ. ರಾಯನ ದಳಪತಿಗಳು ಸೈನಿಕರಿಂದ ಕೋಟೆಯ ಕಲ್ಲನ್ನು ಕೊಳ್ಳತೊಡಗಿದರಂತೆ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ತಕ್ಕಂತೆ 10, 20, 30, 40, ಕಡೆಗೆ 50 ಹಣದವರೆಗೆ ಬೆಲೆ. ಮೇಲಿಂದ ಬಾಣ, ಗುಂಡು, ಕಲ್ಲು ಸುರಿಯುತ್ತಿದ್ದರೂ ಜನ ಗೋಡೆಯ ಬುಡಕ್ಕೆ ನುಗ್ಗಿದರು. ಮುಂದೆ ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವ್ ದ ಫಿಗೆರೆದೊ ತನ್ನ 20 ಕೋವಿಕಾರರ ಜೊತೆ ಕೈಗೂಡಿಸುತ್ತಾನೆ. ಗೋಡೆಯ ಮೇಲೆ ಅಳುಕಿಲ್ಲದೆ ಓಡಾಡುತ್ತಿದ್ದವರ ಮೇಲೆ ಗುಂಡು ಹಾರುತ್ತದೆ. ಕೆಳಗೆ ಏನಾಗುತ್ತಿದೆ ಎಂದು ಬಾಗಿ ನೋಡಿದ ಕಿಲ್ಲೇದಾರನ ಹಣೆಗೇ ಒಂದು ಗುಂಡು ತಗಲುತ್ತದೆ. ಕೋಟೆ ಶರಣಾಗುತ್ತದೆ.

ಇಷ್ಟನ್ನು ಹಾಳೆಗಿಳಿಸಿಕೊಂಡು ಅಂಗಡಿಗೆ ಹೋದೆವು. ಅದಕ್ಕೂ ಮೊದಲು ಬೇರೊಂದು ಕಡೆ ಟೈಪಿಂಗಿಗೆ ಕೊಟ್ಟಿದ್ದೆವು. ಅವರು ಅಡಿಟಿಪ್ಪಣಿಗಳನ್ನೆಲ್ಲ ಕಿತ್ತು ಕೊನೆಗೆ ಗುಡ್ಡೆ ಹಾಕಿದ್ದರು, ಇಂಗ್ಲಿಷ್ ಅಂಕಿ ಕನ್ನಡ ಅಂಕಿ ಬೆರೆಸಿದ್ದರು, ಫಾಂಟ್ ಬದಲಿಸುವಾಗ ಅರ್ಕಾವತ್ತುಗಳು ಎಲ್ಲೆಂದರಲ್ಲಿ ಹಾರಿದ್ದವು. ಹಾಗಾಗಿ ಇಲ್ಲಿಗೆ ಬಂದಾಗ ಅಳುಕಿತ್ತು.

ಅಂಗಡಿ ನಡೆಸುವವರು ಅಪ್ಪ, ಮಗಳು. ಅಪ್ಪನನ್ನು ಗಲ್ಲಿಯವರೆಲ್ಲ ಚಾಚಾ ಅನ್ನುತ್ತಾರೆ, ಬೈಂಡಿಂಗ್ ಅವರದು. ಕಂಪ್ಯೂಟರ್ ಮಗಳದು. ಅವಳು ನಮ್ಮ ಹಾಳೆಗಳನ್ನು ತಿರುವಿ ಹಾಕಿ ಮೊದಲು ಕೇಳಿದ ಪ್ರಶ್ನೆ, "ಮೇಡಂ, ಇದರ ಇಂಗ್ಲಿಷ್ ಎಲ್ಲೈತ್ರಿ? ಅದನ್ನೂ ಕೊಡ್ರಿ, ಇಲ್ಲಾಂದ್ರ ನಾ ಬರೋಬರಿ ಹೊಡದೀನೋ ಇಲ್ಲೋ ಹೆಂಗ ಗೊತ್ತಾಗ್ಬೇಕ್ರಿ?" ಡಿಟಿಪಿ ಅಂಗಡಿಯಲ್ಲಿ ಮೂಲ ಕೇಳಿದವರನ್ನು ನಾನು ಕಂಡದ್ದು ಇಲ್ಲೇ. ಎಡಪುಟದಲ್ಲಿ ಸೀವೆಲ್ಲರ ಇಂಗ್ಲಿಷ್, ಬಲಪುಟದಲ್ಲಿ ನಮ್ಮ ಕನ್ನಡ ಇಡೋಣ ಎಂದು ಸೂಚಿಸಿದ್ದೂ ಅವಳೇ. ಪುಟ ಹೆಚ್ಚಾಗುತ್ತವೆ, ಖರ್ಚು ಹೆಚ್ಚಾಗುತ್ತದೆ ಎಂದು ನಮ್ಮಲ್ಲೇ ಒಬ್ಬರು ಗೊಣಗಿದರು. ಆದರೆ ಅನುವಾದಿಸಿದ ದಾಖಲೆಗೆ ಇದಕ್ಕಿಂತ ಒಳ್ಳೆಯ ಕಟ್ಟು ಇನ್ನೊಂದಿಲ್ಲ. ಓದುವ ಹುಡುಗ ನಮ್ಮನ್ನು ನಂಬಿಯೇ ಇರಬೇಕಾಗಿಲ್ಲ. ಅನುಮಾನ ಬಂದರೆ ಎಡಕ್ಕೆ ಕಣ್ಣು ಹಾಯಿಸಿ ತಾಳೆ ನೋಡಬಹುದು.

ಪ್ರೂಫ್ ನೋಡುವ ರೀತಿ ಇನ್ನೂ ಮೆಚ್ಚುಗೆಯಾಯಿತು. ಟೈಪ್ ಮಾಡಿದವಳೇ ಪ್ರೂಫ್ ನೋಡುವುದಿಲ್ಲ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಅಂಕಿ ಬಂದಲ್ಲಿ ನಿಲ್ಲಬೇಕು, ಎರಡು ಸಲ ಹೇಳಬೇಕು. ಹೀಗೆ ಓದುವಾಗಲೇ 200 ಫಿರಂಗಿ ಕರಡಿನಲ್ಲಿ 20 ಆಗಿದ್ದು ಸಿಕ್ಕಿತು. ಮೇಲಿನ ಸಾಲಿನ ಆನೆಗಳ ಸಂಖ್ಯೆ ಕಣ್ಣಿಗೆ ಕಟ್ಟಿ ಕೈ ಹಾಗೆ ಓಡಿತ್ತು. ಒಂದು ಸೊನ್ನೆ ಬಿದ್ದುಹೋಗಿದ್ದರೆ ರಾಯಚೂರು ಕೋಟೆಯ ಬಲವೇ ಹತ್ತರಲ್ಲೊಂದು ಪಾಲಾಗಿ ಮಕ್ಕಳ ತಲೆಯಲ್ಲಿ ಕೂತುಬಿಡುತ್ತಿತ್ತು. ಆ ಹುಡುಗಿ ಅಂಗಡಿಯಲ್ಲಿ ಗಿರಾಕಿಗಳು ನಿಂತಿದ್ದರೂ ಆ ಪುಟ ಮುಗಿಯುವ ತನಕ ಏಳಲಿಲ್ಲ.

ಇಸವಿಯ ವಿಚಾರದಲ್ಲಿ ನಮ್ಮೊಳಗೇ ವಾದವಾಯಿತು. ನ್ಯೂನಿಜ್ ಯುದ್ಧ ನಡೆದದ್ದು 1522ರ ಮೇ ತಿಂಗಳ ಅಮಾವಾಸ್ಯೆಯ ಶನಿವಾರ ಎನ್ನುತ್ತಾನೆ. ಸೀವೆಲ್ ಪಂಚಾಂಗದ ಲೆಕ್ಕದಲ್ಲಿ ಪಳಗಿದವರು, ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಭಾರತೀಯ ಪಂಚಾಂಗದ ಮೇಲೆ 1896ರಲ್ಲಿ ಗ್ರಂಥವನ್ನೇ ಬರೆದವರು. ಅವರು ತಿಥಿ, ವಾರ ಎಣಿಸಿ, ಬೇರೆ ಆಧಾರಗಳನ್ನೂ ಒರೆಗೆ ಹಚ್ಚಿ 1520ರ ಮೇ 19 ಎಂದು ತೀರ್ಮಾನಿಸಿದರು. ನಮ್ಮ ಸಹೋದ್ಯೋಗಿಯೊಬ್ಬರು ನೇರವಾಗಿ 1520 ಎಂದೇ ಹಾಕೋಣ, ಮಕ್ಕಳಿಗೆ ಗೊಂದಲ ಬೇಡ ಎಂದರು. ನಾನು ಒಪ್ಪಲಿಲ್ಲ. ನ್ಯೂನಿಜ್ ಬರೆದದ್ದು 1522, ಅವನ ಬಾಯಲ್ಲಿ ನಾವು 1520 ಹೇಳಿಸುವ ಹಾಗಿಲ್ಲ. ದಾಖಲೆ ಏನು ಹೇಳುತ್ತದೋ ಅದು ಮೇಲಿರಬೇಕು, ತಿದ್ದುಪಡಿಯೂ ಅದರ ಕಾರಣವೂ ಅದೇ ಪುಟದ ಕೆಳಗಿರಬೇಕು. ಅಂಗಡಿಯವರು ಅಡಿಟಿಪ್ಪಣಿಯನ್ನು ಅದೇ ಪುಟದಲ್ಲಿ ಕೂರಿಸಲು ನಾಲ್ಕು ಪುಟಗಳನ್ನು ಮತ್ತೆ ಕಟ್ಟಿದರು. ಅದಕ್ಕೆ ಬೇರೆ ದುಡ್ಡು ಹಿಡಿಯಲಿಲ್ಲ.

ಚಾಚಾ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅರ್ಧವೇ. ರಾಯಚೂರು 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಈಗಲೂ ಹೊಲದ ತಕರಾರು ಎದ್ದಾಗ ಹಳ್ಳಿಯವರು ಅಜ್ಜನ ಕಾಲದ ಉರ್ದು ಕಾಗದ ಹಿಡಿದು ಇಲ್ಲಿಗೆ ಬರುತ್ತಾರೆ. ಚಾಚಾ ಕನ್ನಡಕ ಏರಿಸಿ ಓದಿ ಹೇಳುತ್ತಾರೆ, ಮಗಳು ಕನ್ನಡದಲ್ಲಿ ಟೈಪ್ ಮಾಡಿಕೊಡುತ್ತಾಳೆ. ಇದು ತಿಳಿವಳಿಕೆಗೆ ಮಾತ್ರ, ಕೋರ್ಟಿಗೆ ಬೇಕಾದರೆ ಅಧಿಕೃತ ಅನುವಾದಕರ ಹತ್ತಿರ ಹೋಗಿ ಎಂದು ಮೊದಲೇ ಹೇಳಿಬಿಡುತ್ತಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಮನೆಮನೆಯ ಟ್ರಂಕಿನಲ್ಲಿರುವ ಇಂಥ ಕಾಗದಗಳು ಕನ್ನಡಕ್ಕೆ ಬಂದರೆ ನಮ್ಮ ಜಿಲ್ಲೆಯ ಚರಿತ್ರೆ ಎಷ್ಟು ತುಂಬಿಕೊಂಡೀತು!

ನಮ್ಮ ಕರಡು ನೋಡುತ್ತ ಚಾಚಾ ಒಂದು ಮಾತು ಕೇಳಿದರು. "ಇದು ರಾಯರ ಕಡಿ ನಿಂತವ್ರ ಮಾತಾಯ್ತು. ಬಿಜಾಪುರದವ್ರು ಏನಂದಾರ?" ಆ ಪ್ರಶ್ನೆಯಿಂದಲೇ ಪುಸ್ತಕಕ್ಕೆ ಅನುಬಂಧ ಸೇರಿತು. ಫರಿಷ್ತಾ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ 17ನೇ ಶತಮಾನದ ಆರಂಭದಲ್ಲಿ ಪಾರ್ಸಿಯಲ್ಲಿ ಚರಿತ್ರೆ ಬರೆದವನು, ಜಾನ್ ಬ್ರಿಗ್ಸ್ ಅದನ್ನು 1829ರಲ್ಲಿ ಇಂಗ್ಲಿಷಿಗೆ ತಂದರು. ಫರಿಷ್ತಾ ಹೇಳುವ ಪ್ರಕಾರ ಇಸ್ಮಾಯಿಲ್ ಆದಿಲ್ ಶಾಹ್ ಮದ್ಯದ ಅಮಲಿನಲ್ಲಿ, ಸಾಕಷ್ಟು ತೆಪ್ಪಗಳು ಸಿದ್ಧವಾಗುವ ಮೊದಲೇ ಕೃಷ್ಣೆಯನ್ನು ದಾಟಲು ಹೊರಟು ಸೋಲುಂಡ. ಹಿಂದಿರುಗುವಾಗ ಎಷ್ಟೋ ಜನ ನೀರುಪಾಲಾದರು. ರಾಯಚೂರು, ಮುದಗಲ್ಲುಗಳನ್ನು ಮತ್ತೆ ಗೆಲ್ಲುವ ತನಕ ಮದ್ಯ ಮುಟ್ಟುವುದಿಲ್ಲ ಎಂದು ಅವನು ಪಣ ತೊಟ್ಟನಂತೆ. ನ್ಯೂನಿಜ್ ಪೋರ್ಚುಗೀಸ್ ಕೋವಿಗಳ ಹೆಚ್ಚುಗಾರಿಕೆ ಹೇಳುತ್ತಾನೆ, ಫರಿಷ್ತಾ ಸೋಲಿಗೆ ದೊರೆಯ ಕುಡಿತವನ್ನು ಕಾರಣ ಮಾಡುತ್ತಾನೆ. ಇಬ್ಬರಿಗೂ ತಮ್ಮ ತಮ್ಮ ಒಡೆಯರಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದಾಗಲೇ ಯುದ್ಧ ಅರ್ಥವಾಗುತ್ತದೆ. ಪಾರ್ಸಿ ಹೆಸರುಗಳ ಕನ್ನಡ ಬರವಣಿಗೆಯನ್ನು ಚಾಚಾ ಒಂದೊಂದಾಗಿ ಉಚ್ಚರಿಸಿ ತೋರಿಸಿ ತಿದ್ದಿಸಿದರು.

ಕೆಲಸದ ಗುಣಮಟ್ಟಕ್ಕೆ ಬರೋಣ. ಟೈಪಿಂಗ್ ನುಡಿ ತಂತ್ರಾಂಶದಲ್ಲೂ ಮಾಡುತ್ತಾರೆ, ಯೂನಿಕೋಡಿನಲ್ಲೂ ಮಾಡುತ್ತಾರೆ. ಯೂನಿಕೋಡನ್ನೇ ಕೇಳಿ. ಮುಂದೆ ಮೊಬೈಲಿನಲ್ಲಿ ಹಂಚಲು, ಹುಡುಕಲು ಅದೇ ಅನುಕೂಲ. ಟೈಪಿಂಗಿಗೆ ನಮ್ಮಿಂದ ಪುಟಕ್ಕೆ 30 ರೂಪಾಯಿ ತೆಗೆದುಕೊಂಡರು, ಅಡಿಟಿಪ್ಪಣಿ ಇರುವ ಪುಟಕ್ಕೆ 40. ಕಾಗದ 80 ಜಿಎಸ್‌ಎಂ, ಹಿಂದಿನ ಪುಟದ ಅಚ್ಚು ಈ ಕಡೆ ಕಾಣುವುದಿಲ್ಲ. ಬೈಂಡಿಂಗ್ ಮಾತ್ರ ಹೊಲಿಗೆಯದೇ ಮಾಡಿಸಿ. ಅಂಟಿನ ಬೈಂಡಿಂಗ್ ಅಗ್ಗ, ಆದರೆ ನಮ್ಮ ಊರಿನ ಬೇಸಿಗೆಗೆ ಅಂಟು ಒಣಗಿ ಹಾಳೆ ಉದುರುತ್ತವೆ, ಶಾಲೆಯ ಲೈಬ್ರರಿಯಲ್ಲಿ ಒಂದು ವರ್ಷವೂ ಬಾಳುವುದಿಲ್ಲ. ಚಾಚಾ ಹಾಳೆಗಳನ್ನು ಮಡಿಚಿ ಕಟ್ಟು ಮಾಡಿ, ಮೇಣ ಸವರಿದ ದಾರದಲ್ಲಿ ಮಡಿಕೆಯ ಗೆರೆಗೇ ಸೂಜಿ ಹಾಯಿಸಿ ಹೊಲಿಯುತ್ತಾರೆ. ಬೆನ್ನಿಗೆ ಕ್ಯಾಲಿಕೋ ಬಟ್ಟೆ, ಮೇಲೆ ರಟ್ಟು. ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ಎರಡೂ ಪುಟ ಚಪ್ಪಟೆಯಾಗಿ ಮಲಗುತ್ತವೆ. ಎಡಬಲ ಎರಡು ಭಾಷೆಯಿರುವ ಪುಸ್ತಕಕ್ಕೆ ಇದು ಬೇಕೇ ಬೇಕು.

ಕೊರತೆಗಳೂ ಇವೆ. ನಕ್ಷೆಯ ಕೆಲಸ ಇವರಿಗೆ ಕೂಡಿಬರುವುದಿಲ್ಲ. ದೋಆಬಿನ ನಕ್ಷೆ ಮಸುಕಾಗಿ ಬಂದಿದೆ, ನದಿಗಳ ಹೆಸರು ಓದಲು ಕಣ್ಣು ಕಿರಿದಾಗಿಸಬೇಕು. ಕೋಟೆಯ ಫೋಟೊಗಳು ಕಪ್ಪುಬಿಳುಪಿನಲ್ಲಿ ಕಲೆಸಿಹೋಗಿವೆ. ಚಿತ್ರಗಳಿದ್ದರೆ ಆ ಹಾಳೆಗಳನ್ನು ಹೈದರಾಬಾದಿನಲ್ಲೋ ಹುಬ್ಬಳ್ಳಿಯಲ್ಲೋ ಬೇರೆ ಮಾಡಿಸಿ ಇಲ್ಲಿ ಕಟ್ಟಿಸುವುದು ಒಳ್ಳೆಯದು. ಪದಸೂಚಿ ಮಾಡುವ ರೂಢಿ ಅವರಿಗಿಲ್ಲ, ನೀವೇ ಮಾಡಿಕೊಂಡು ಹೋಗಬೇಕು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಮದುವೆ ಸೀಸನ್ನಿನಲ್ಲಂತೂ ಕಾರ್ಡಿನ ಕೆಲಸವೇ ಮುಂದೆ, ನಿಮ್ಮ ಪುಸ್ತಕ ಹಿಂದೆ. ಗಲ್ಲಿಯಲ್ಲಿ ಕಾರು ಹೋಗುವುದಿಲ್ಲ, ಪ್ರತಿಗಳನ್ನು ಆಟೋದವರೆಗೆ ಹೊತ್ತು ತರಬೇಕು. ಆದರೂ ಅಂಕಿ ಕಾಯುವ, ಟಿಪ್ಪಣಿ ಕಾಯುವ ಶ್ರದ್ಧೆಯ ಮುಂದೆ ನನಗೆ ಇವು ದೊಡ್ಡದಾಗಿ ಕಾಣಲಿಲ್ಲ.

ಪುಸ್ತಕ ಕೈಗೆ ಬಂದ ಮೇಲೆ ಒಂಬತ್ತನೇ ತರಗತಿಯವರನ್ನು ಕೋಟೆಗೆ ಕರೆದುಕೊಂಡು ಹೋದೆವು. ಒಳಗೋಡೆಯ ಪಶ್ಚಿಮ ಭಾಗದಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಸೇನಾನಿ ಗೋರೆ ಗನ್ನಯ್ಯರೆಡ್ಡಿಯ ಅಧಿಕಾರಿ ವಿಠ್ಠಲನ 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿಕೊಂಡು ಎಳೆದು ತರುವ ಚಿತ್ರವನ್ನೂ ಹತ್ತಿರದ ಗೋಡೆಗೆ ಕೊರೆದಿದ್ದಾರೆ. ಅಲ್ಲಿ ನಿಂತು ಒಬ್ಬ ಹುಡುಗಿ "ಸುಣ್ಣವಿಲ್ಲದೆ" ಎನ್ನುವ ಸಾಲನ್ನು ಓದಿದಳು. ಇನ್ನೊಬ್ಬಳು ಎರಡು ಕಲ್ಲಿನ ಸಂದಿಗೆ ಉಗುರು ಹಾಕಿ ಕೆರೆದು ನೋಡಿದಳು. ಸುಣ್ಣ ಸಿಗಲಿಲ್ಲ. "ಟೀಚರ್, ಅಂವಾ ಖರೇನ ಬರದಾನ್ರಿ!" ಎಂದು ಕೂಗಿದಳು. ಪ್ಯಾರಿಸ್ಸಿನಲ್ಲಿರುವ ಹಸ್ತಪ್ರತಿಯ ಒಂದು ಸಾಲನ್ನು ರಾಯಚೂರಿನ ಹದಿನಾಲ್ಕರ ಹುಡುಗಿ ತನ್ನ ಉಗುರಿನಿಂದ ಪರೀಕ್ಷೆ ಮಾಡಿದಳು. ನಾನು ಇಷ್ಟು ವರ್ಷ ಕಲಿಸಿದ ಯಾವ ಪಾಠಕ್ಕೂ ಇಂಥ ಸಾಕ್ಷಿ ಸಿಕ್ಕಿರಲಿಲ್ಲ. ಬುರುಜುಗಳ ನಡುವೆ ಮಾತು ಕೇಳಿಸುತ್ತದೋ ಇಲ್ಲವೋ ಎಂದು ಹುಡುಗರು ಕೂಗಿ ನೋಡಿದರು. ಟ್ರಾಫಿಕ್ಕಿನ ಗದ್ದಲದಲ್ಲಿ ಅದು ತೀರ್ಮಾನವಾಗಲಿಲ್ಲ, ಬೆಳಗಿನ ಜಾವ ಬಂದು ನೋಡುತ್ತೇವೆ ಎಂದು ಹಟ ಹಿಡಿದಿದ್ದಾರೆ.

ಮುಖಪುಟದಲ್ಲಿ "ಸೀವೆಲ್ಲರ ಇಂಗ್ಲಿಷ್ ಮೂಲಕ" ಎಂದು ದೊಡ್ಡದಾಗಿಯೇ ಹಾಕಿಸಿದ್ದೇವೆ. ಇದು ಅನುವಾದದ ಅನುವಾದ, ಅದನ್ನು ಓದುಗರಿಂದ ಮುಚ್ಚಿಡಬಾರದು. ಲೋಪೆಸ್ ಅಚ್ಚು ಮಾಡಿಸಿದ ಪೋರ್ಚುಗೀಸ್ ಪಠ್ಯವನ್ನೇ ಮುಂದಿಟ್ಟುಕೊಂಡು, ಪೋರ್ಚುಗೀಸ್ ಬಲ್ಲ ಕನ್ನಡಿಗರೊಬ್ಬರು ಈ ಕೆಲಸ ಮಾಡಬೇಕು. ಗೋವಾ ನಮ್ಮ ಪಕ್ಕದ ರಾಜ್ಯ, ಅಲ್ಲಿ ಆ ಭಾಷೆ ಬಲ್ಲವರಿದ್ದಾರೆ. ಕೈಜೋಡಿಸುವವರು ಸಿಕ್ಕರೆ ಎಡಪುಟದ ಇಂಗ್ಲಿಷ್ ತೆಗೆದು ಪೋರ್ಚುಗೀಸನ್ನೇ ಕೂರಿಸೋಣ ಎಂದು ಅಂಗಡಿಯ ಹುಡುಗಿಯೂ ಹೇಳಿದ್ದಾಳೆ. ಆ ಭಾಷೆಯ ಅಕ್ಷರಗಳ ಮೇಲಿನ ಗುರುತುಗಳನ್ನು ಕೀಬೋರ್ಡಿನಲ್ಲಿ ಹೇಗೆ ಹಾಕುವುದೆಂದು ಈಗಾಗಲೇ ಕಲಿಯುತ್ತಿದ್ದಾಳೆ.

ಹೋಗುವವರಿಗೆ ಒಂದೆರಡು ಸೂಚನೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರುತ್ತದೆ, ಸಂಜೆ ತೆರೆಯುತ್ತಾರೆ. ಮೂಲದ ಪ್ರತಿಯನ್ನು ಜೊತೆಗೆ ಒಯ್ಯಿರಿ. ಪ್ರೂಫ್ ಓದಲು ನಿಮ್ಮ ಕಡೆಯಿಂದ ಒಬ್ಬರು ಕೂತರೆ ಕೆಲಸ ಬೇಗ ಸಾಗುತ್ತದೆ, ಚಹಾ ಅವರೇ ತರಿಸುತ್ತಾರೆ. ಉರ್ದು ಕಾಗದ ಓದಿಸುವವರು ಬೆಳಿಗ್ಗೆಯೇ ಹೋಗಿ, ಸಂಜೆಯ ಬೆಳಕಿನಲ್ಲಿ ಚಾಚಾ ಹಳೇ ಮಸಿ ಓದುವುದಿಲ್ಲ.